ದೀಪದ ಗ್ಲೂ ನನ್ನ ಕೈಗೆ ಒಗ್ಗಿದ್ದು ಹೀಗೆ

ಹುಬ್ಬಳ್ಳಿಯಲ್ಲಿ ಲ್ಯಾಶ್, ಅಂದರೆ ರೆಪ್ಪೆಗೂದಲಿಗೆ ಅಂಟಿಸುವ ಕೃತಕ ಎಳೆ, ಹಚ್ಚುವವರಿಗೆ ಈ ಕಾಟ ಗೊತ್ತೇ ಇದೆ. ಏಪ್ರಿಲ್‌ನ ಒಣ ಹವೆಗೆ ಗ್ಲೂ ಬೇಗ ಹಿಡಿಯುವುದಿಲ್ಲ. ಜುಲೈನ ಜಿಟಿಜಿಟಿ ಮಳೆಯಲ್ಲಿ ಅದ್ದಲು ಕಲ್ಲಿನ ಮೇಲೆ ಹಾಕಿಟ್ಟ ಗ್ಲೂ ಹನಿ ಐದಾರು ನಿಮಿಷಕ್ಕೇ ಗಟ್ಟಿಯಾಗತೊಡಗಿ ದಾರ ಬಿಡುತ್ತದೆ. ಅದಕ್ಕೇ ದೀಪದ ಗ್ಲೂ, ಅಂದರೆ ಯುವಿ ದೀಪದ ಬೆಳಕು ಬಿದ್ದರೆ ಗಟ್ಟಿಯಾಗುವ ಗ್ಲೂ, ತರಿಸಿದೆ. ಧಾರವಾಡದ ಹಿರಿಯ ಅಕ್ಕ ಒಬ್ಬರು, "ಕಣ್ಣಿನ ಮ್ಯಾಲೆ ಲೈಟ್ ಹಿಡಿತೀಯೇನ? ಇದ್ದ ಗಿರಾಕಿನೂ ಹೋಗ್ತಾರ ನೋಡವಾ" ಅಂದರು.

ಮೊದಲ ವರ್ಷ ಅವರ ಮಾತೇ ನಿಜವಾಯಿತು. ಬಾಟಲಿ ಮೇಲೆ, ಬೇಕಾದ ಬೆಳಕಿನ ತರಂಗದ ಅಳತೆ 395 ನ್ಯಾನೋಮೀಟರ್ ಅಂತಿತ್ತು. ನಾನು ಕೊಂಡ ಆರುನೂರು ರೂಪಾಯಿ ಟಾರ್ಚ್ ಮೇಲೆ ನಂಬರೇ ಇರಲಿಲ್ಲ. ಗದಗಿನ ಮದುಮಗಳಿಗೆ ಹಚ್ಚಿ ಕಳಿಸಿದೆ, ಮರುದಿನ ರೆಪ್ಪೆ ಕೆಂಪಾಗಿ ತುರಿಕೆ. ದುಡ್ಡು ವಾಪಸ್ ಕೊಟ್ಟು ಕಣ್ಣಿನ ಡಾಕ್ಟರ್ ಫೀಯನ್ನೂ ನಾನೇ ಕೊಟ್ಟೆ. ದೀಪ, ಬಾಟಲಿ ಎಲ್ಲ ಸೇರಿ ಆ ವರ್ಷ ಹೆಚ್ಚುಕಡಿಮೆ ಹದಿನೆಂಟು ಸಾವಿರ ಹೋಯಿತು.

ಆಮೇಲೆ ಒಂದು ವಾರ ಗಾಜಿನ ಮೇಲೆ ಹನಿ ಇಟ್ಟು, ದೀಪ ಹಿಡಿದು, ಸೂಜಿಯಿಂದ ಚುಚ್ಚಿ ನೋಡಿದೆ. ಸಾಸಿವೆಯಷ್ಟು ಕಪ್ಪು ಹನಿ ಮೇಲೆ ಗಟ್ಟಿ, ಒಳಗೆ ಹಸಿ. ಕಪ್ಪು ಬಣ್ಣದ ಕಾರ್ಬನ್ ಬೆಳಕನ್ನು ಒಳಗೆ ಬಿಡುವುದಿಲ್ಲ. ಆ ಹಸಿಯೇ ಚರ್ಮಕ್ಕೆ ಮುಳುವು. ಬಣ್ಣವಿಲ್ಲದ ಗ್ಲೂ ಅಷ್ಟೇ ಹೊತ್ತಿನಲ್ಲಿ ತಳದವರೆಗೆ ಗಟ್ಟಿಯಾಯಿತು. ಈಗ ಕಪ್ಪು ಗ್ಲೂ ಆದರೆ ಲ್ಯಾಶ್ ಎಳೆಯ ತುದಿಯಷ್ಟೇ ಅದ್ದುತ್ತೇನೆ. ಅದೇ ವಾರ ಚೆಲ್ಲಿದ ಗ್ಲೂ ಹತ್ತಿಯಿಂದ ಒರೆಸಲು ಹೋದೆ. ಹತ್ತಿ ಬಿಸಿಯಾಗಿ ಹೊಗೆ ಎದ್ದು ಬೆರಳು ಚುರ್ ಅಂದಿತು. ಹತ್ತಿಯನ್ನು ಆ ಟೇಬಲ್ ಹತ್ತಿರ ತರಲೇಬೇಡಿ.

ಗಿರಾಕಿಯ ಕಣ್ಣಿನ ಕೆಳಗೆ ಅಂಟಿಸುವ ಪ್ಯಾಡ್ ಬೆಳಕು ತಡೆಯುತ್ತದೆಯೇ ಅನ್ನುವ ಪರೀಕ್ಷೆ ನನ್ನದೇ. ಬಿಳಿ ಝೆರಾಕ್ಸ್ ಹಾಳೆ ಮೇಲೆ ಪ್ಯಾಡ್ ಇಟ್ಟು, ಕತ್ತಲಲ್ಲಿ ಮೇಲಿಂದ ದೀಪ ಹಿಡಿದೆ. ಮಾಮೂಲಿ ಜೆಲ್ ಪ್ಯಾಡ್ ಅಡಿಯಲ್ಲಿ ಹಾಳೆ ನೀಲಿಯಾಗಿ ಹೊಳೆಯಿತು. ಬೆಳಕು ತಡೆಯುವ ಪ್ಯಾಡ್ ಅಡಿಯಲ್ಲಿ ಕಪ್ಪಗೇ ಉಳಿಯಿತು. ಗಿರಾಕಿಯ ಕಣ್ಣು ಪೂರ್ತಿ ಮುಚ್ಚಿರಬೇಕು, ನನಗೆ ಯುವಿ ತಡೆಯುವ ಹಳದಿ ಕನ್ನಡಕ.

"ಅಲರ್ಜಿ ಆಗೋದೇ ಇಲ್ಲ" ಅಂತ ಮಾರುವವರನ್ನು ನಂಬಬೇಡಿ. ಇದರಲ್ಲೂ ಇರುವುದು ಹೆಚ್ಚಾಗಿ ಮಾಮೂಲಿ ಗ್ಲೂನ ಅದೇ ಅಂಟು, ಸಯನೋಅಕ್ರಿಲೇಟ್, ಜೊತೆಗೆ ಬೆಳಕಿಗೆ ಚುರುಕಾಗುವ ರಾಸಾಯನಿಕ. ಹೊಗೆ ಕಡಿಮೆ, ಅಷ್ಟೇ. ಮಾಮೂಲಿ ಗ್ಲೂಗೆ ಕಣ್ಣು ಊದಿದವರಿಗೆ ನಾನು ಹಚ್ಚುವುದೇ ಇಲ್ಲ. ಉಳಿದವರಿಗೂ ಎರಡು ದಿನ ಮೊದಲು ಪ್ಯಾಚ್ ಟೆಸ್ಟ್, ಅಂದರೆ ಸ್ವಲ್ಪವೇ ಹಚ್ಚಿ ಅಲರ್ಜಿ ಆಗುತ್ತದೆಯೇ ಅಂತ ನೋಡುವುದು.

ಒಂಬತ್ತು ಸಾವಿರದ ಸರಿಯಾದ ದೀಪ ಬಂದ ಮೇಲೆ ಕಳೆದ ಮಳೆಗಾಲದಲ್ಲಿ ಮೂರು ವಾರಕ್ಕೂ ಮುಕ್ಕಾಲು ಪಾಲು ಲ್ಯಾಶ್ ನಿಂತಿದ್ದವು. ಮೂಗಿನ ಕಡೆಯ ಮೂಲೆಗೆ ದೀಪ ಹೇಗೆ ವಾಲಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಕಲಿಯಲು ಬಂದವರಿಗೆ ತೋರಿಸುತ್ತೇನೆ. ಬಾಟಲಿ ಕೊಳ್ಳುವಾಗ ಮಾತ್ರ ಟಿಪಿಒ ಇದೆಯಾ ಕೇಳಿ, ಅದೂ ಬೆಳಕಿಗೆ ಚುರುಕಾಗುವ ಒಂದು ರಾಸಾಯನಿಕ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ಅದಕ್ಕೆ ನಿಷೇಧ. ಒಳಗೆ ಏನೇನಿದೆ ಅನ್ನುವ ಪಟ್ಟಿ ಕೊಡದವರ ಬಾಟಲಿ ನನಗೆ ಬೇಡ. ಧಾರವಾಡದ ಅಕ್ಕ ಮೊನ್ನೆ ಫೋನ್ ಮಾಡಿ ದೀಪದ ನಂಬರ್ ಬರೆದುಕೊಂಡರು.