ಮಾಳಿಗೆ ಮನೆಯ ತೊಲೆ, ಮೂರು ನೂಲಿನ ಬ್ಲೇಡ್

ಬೆಟಗೇರಿಯ ನನ್ನ ಅಂಗಡಿಗೆ ಬರುವ ಕಟ್ಟಿಗೆಯಲ್ಲಿ ಅರ್ಧದಷ್ಟು ಹಳೆಯದು. ಗದಗಿನ ಸುತ್ತಮುತ್ತ ಮಣ್ಣಿನ ಚಾವಣಿಯ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕುವವರು ತೊಲೆ, ಕಂಬ, ಜಂತಿ ಎಲ್ಲವನ್ನೂ ಟ್ರ್ಯಾಕ್ಟರಿನಲ್ಲಿ ತಂದು ಇಳಿಸುತ್ತಾರೆ. "ಇದರಾಗ ಒಂದು ಟೇಬಲ್ ಆಗ್ತದೇನು ನೋಡ್ರಿ" ಅನ್ನುತ್ತಾರೆ. ಸಾಗವಾನಿ ಆದರೆ ನನಗೂ ಖುಷಿ. ಆದರೆ ಅದನ್ನು ಕೊಯ್ಯೋದು ಬೇರೆ ಮಾತು.

ನನ್ನ ಹತ್ತಿರ ಇರೋದು 14 ಇಂಚಿನ ಬ್ಯಾಂಡ್ ಸಾ, ಅಂದರೆ ಎರಡು ಚಕ್ರದ ಮೇಲೆ ಸುತ್ತುವ ಹಲ್ಲಿನ ಪಟ್ಟಿಯಿಂದ ಕೊಯ್ಯುವ ಮಿಷನ್. 14 ಇಂಚು ಅಂದರೆ ಚಕ್ರದ ವ್ಯಾಸ. ಸೆಕೆಂಡ್ ಹ್ಯಾಂಡ್ ತಂದಿದ್ದೆ. ಅದರ ಮೇಲೆ ಕಾಲು ಇಂಚು ಅಗಲದ, ಇಂಚಿಗೆ 10 ಹಲ್ಲಿನ ಬ್ಲೇಡ್ ಇತ್ತು. ಅದರಲ್ಲೇ ಐದು ಇಂಚು ದಪ್ಪದ ತೊಲೆಯನ್ನು ಉದ್ದಕ್ಕೆ ಸೀಳಲು ಹೋದೆ. ಹೊಗೆ ಬಂತು. ಇನ್ನೂ ಜೋರಾಗಿ ತಳ್ಳಿದೆ. ಹಲಗೆ ಹೊರಗೆ ಬಂದಾಗ ನೋಡಿದರೆ ಕೊಯ್ದ ಮುಖ ನಡುವೆ ಹೊಟ್ಟೆ ಬಂದಿದೆ, ಅಂಚಿನಲ್ಲಿ ಸುಟ್ಟ ಕಲೆ. ಬ್ಲೇಡ್ ಮೊಂಡಾಗಿದೆ ಅಂತ ಬೈದುಕೊಂಡೆ. ತಪ್ಪು ಬ್ಲೇಡಿನದಲ್ಲ, ಲೆಕ್ಕದ್ದು. ಐದು ಇಂಚು ದಪ್ಪಕ್ಕೆ ಇಂಚಿಗೆ 10ರಂತೆ ಒಟ್ಟಿಗೆ 50 ಹಲ್ಲು ಕಟ್ಟಿಗೆಯೊಳಗೆ ಇರುತ್ತವೆ. ಅಷ್ಟು ಸಣ್ಣ ಹಲ್ಲುಗಳ ನಡುವಿನ ಸಂದಿ ಅರ್ಧ ದಾರಿಯಲ್ಲೇ ಪುಡಿಯಿಂದ ತುಂಬಿಬಿಡುತ್ತದೆ. ಹೊರಗೆ ಹೋಗಲು ಜಾಗವಿಲ್ಲದ ಪುಡಿ ಉಜ್ಜುತ್ತದೆ, ಬಿಸಿ ಮಾಡುತ್ತದೆ. ಬಿಸಿಯಾದ ತೆಳು ಪಟ್ಟಿ ಬಾಗುತ್ತದೆ.

ಹಾಗಾದರೆ ದೊಡ್ಡದು ತರೋಣ ಅಂತ ಹುಬ್ಬಳ್ಳಿಗೆ ಹೋದೆ. ಒಂದು ಅಂಗಡಿಯವರು ಮುಕ್ಕಾಲು ಇಂಚಿನದು ಕೊಟ್ಟರು. "ಅಗಲ ಇದ್ದಷ್ಟೂ ನೇರ ಕೊಯ್ತದ, ತಗೋರಿ" ಅಂದರು. ಮಾತು ಸುಳ್ಳಲ್ಲ, ಆದರೆ ದೊಡ್ಡ ಮಿಷನ್ನಿಗೆ ಸರಿ. ಅಗಲದ ಬ್ಲೇಡು ನೇರ ನಿಲ್ಲಬೇಕಾದರೆ ಅಷ್ಟೇ ಜೋರಾಗಿ ಎಳೆದು ಬಿಗಿಯಬೇಕು. ನನ್ನ ಮಿಷನ್ನಿನ ಸ್ಪ್ರಿಂಗು ಪೂರ್ತಿ ಒತ್ತಿಹೋದರೂ ಬ್ಲೇಡ್ ಸಡಿಲವೇ ಇತ್ತು, ಗೀಟು ಬಿಟ್ಟು ಅಲೆದಾಡಿತು. ಮೇಲಾಗಿ ಅದು ದಪ್ಪ ಪಟ್ಟಿ. ಸಣ್ಣ ಚಕ್ರದ ಮೇಲೆ ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುವುದರಲ್ಲೇ ದಣಿಯಿತು. ಹಲ್ಲಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಂತು, ನಾಲ್ಕು ದಿನಕ್ಕೆ ಪಟ್ ಅಂತ ಹರಿಯಿತು. ಚಕ್ರದ ವ್ಯಾಸದ ಸಾವಿರದ ಒಂದು ಪಾಲಿನಷ್ಟು ದಪ್ಪ ಸಾಕು ಅನ್ನೋ ಹಳೆಯ ಲೆಕ್ಕವೊಂದಿದೆ. ನನ್ನ ಚಕ್ರಕ್ಕೆ ಅದು ಸುಮಾರು 0.36 ಮಿ.ಮೀ. ಸಿಗೋದು ಸಾಮಾನ್ಯವಾಗಿ ಅದಕ್ಕಿಂತ ದಪ್ಪವೇ, ನಡೆಯುತ್ತೆ ಕೂಡ. ಆದರೆ ದಪ್ಪ ಜಾಸ್ತಿ ಆದಷ್ಟೂ ಆಯುಷ್ಯ ಕಡಿಮೆ.

ಎರಡು ಸಲ ದುಡ್ಡು ಕಳೆದುಕೊಂಡ ಮೇಲೆ ಯಾರನ್ನೂ ಕೇಳಲಿಲ್ಲ. ಮಿಷನ್ನಿನ ಹಿಂದಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಮೂರು ಕಾಲಂ ಹಾಕಿದೆ: ಇಂಚಿಗಿಂತ ತೆಳು, ಒಂದರಿಂದ ಎರಡೂವರೆ, ಅದಕ್ಕೂ ದಪ್ಪ. ಒಂದು ತಿಂಗಳು, ಏನು ಕೊಯ್ದರೂ ಒಂದು ಗೀಟು. ನಾನು ದಿನಾ ತೊಲೆ ಸೀಳುತ್ತೇನೆ ಅಂದುಕೊಂಡಿದ್ದೆ. ಗೋಡೆ ಬೇರೆಯೇ ಹೇಳಿತು. ನಡುವಿನ ಕಾಲಂ ತುಂಬಿ ಪಕ್ಕಕ್ಕೆ ಹರಿದಿತ್ತು. ಕುರ್ಚಿ ಕಾಲು, ಚೌಕಟ್ಟಿನ ತುಂಡು, ಮಂಚದ ತಲೆಹಲಗೆಯ ಬಳುಕು, ಎಲ್ಲ ಅದರಲ್ಲೇ. ತೊಲೆ ಸೀಳಿದ್ದು ಬೆರಳೆಣಿಕೆ.

ಆ ಕಾಲಂ ಹಿಡಿದುಕೊಂಡೇ ಬ್ಲೇಡ್ ಆರಿಸಿದೆ. ಯಾವಾಗಲೂ ಕನಿಷ್ಠ ಮೂರು ಹಲ್ಲು ಕಟ್ಟಿಗೆಯೊಳಗೆ ಇರಬೇಕು, ಇಲ್ಲದಿದ್ದರೆ ಕಚ್ಚಿ ಕುಣಿಯುತ್ತದೆ. ಆರರಿಂದ ಹನ್ನೆರಡು ಇದ್ದರೆ ಹಿತ. ಇಂಚಿಗೆ 4 ಹಲ್ಲು ಅಂದರೆ ಒಂದು ಇಂಚಿಗೆ ನಾಲ್ಕು, ಎರಡೂವರೆಗೆ ಹತ್ತು. ಅಗಲ ಮೂರು ನೂಲು, ಅಂದರೆ 3/8 ಇಂಚು. ಇಷ್ಟು ಅಗಲದ್ದು ಸುಮಾರು ಒಂದೂವರೆ ಇಂಚಿನ ತ್ರಿಜ್ಯಕ್ಕೆ ತಿರುಗುತ್ತದೆ, ಅರ್ಧ ಇಂಚಿನದಕ್ಕೆ ಎರಡೂವರೆ ಬೇಕು. ನನ್ನ ಕುರ್ಚಿ ಕಾಲಿಗೆ ಒಂದೂವರೆ ಧಾರಾಳವಾಯಿತು. ನೇರ ಕೊಯ್ತಕ್ಕೂ ಮೋಸವಿಲ್ಲ. ಹಲ್ಲು ಸ್ಕಿಪ್ ಜಾತಿಯದು, ಒಂದು ಬಿಟ್ಟು ಒಂದು ಕಿತ್ತಂತೆ ಕಾಣುತ್ತೆ, ಸಂದಿ ದೊಡ್ಡದು. ಮುಖ ಕನ್ನಡಿಯಂತೆ ಬರುವುದಿಲ್ಲ, ಆದರೆ ಹೇಗೂ ರಂದಾ ಹೊಡೆಯಲೇಬೇಕು ಅಲ್ವಾ? ಇದೇ ಈಗ ಮಿಷನ್ನಿನ ಮೇಲೆ ಸದಾ ಇರುವ ಬ್ಲೇಡ್. ಮೊಳೆಗೆ ಇನ್ನೆರಡು ತೂಗುಹಾಕಿದ್ದೇನೆ: ತೊಲೆಗೆ ಅರ್ಧ ಇಂಚಿನ 3 ಹಲ್ಲಿನದು, ಕಲಘಟಗಿ ತೊಟ್ಟಿಲಿನ ಥರ ಸಣ್ಣ ಸುತ್ತಿನ ಕೆಲಸ ಬಂದರೆ ಕಾಲು ಇಂಚಿನ 6 ಹಲ್ಲಿನದು.

ತಂದ ಹೊಸದರಲ್ಲಿ ಬ್ಲೇಡಿನ ಬೆನ್ನಿಗೆ, ಮಿಷನ್ ಓಡುತ್ತಿರುವಾಗಲೇ, ಸಾಣೆಕಲ್ಲನ್ನು ಮೆಲ್ಲಗೆ ಹಿಡಿದು ಮೂಲೆ ದುಂಡಗೆ ಮಾಡುತ್ತೇನೆ. ಕಿಡಿ ಹಾರುತ್ತೆ, ಮೊದಲು ಪುಡಿ ಗುಡಿಸಿಬಿಡಿ. ಬೆನ್ನು ದುಂಡಗಾದರೆ ತಿರುವಿನಲ್ಲಿ ಒತ್ತುವುದಿಲ್ಲ.

ಉದ್ದ ಅಳೆಯೋದು ಸುಲಭ: ಎರಡು ಚಕ್ರದ ಕೇಂದ್ರಗಳ ನಡುವಿನ ದೂರದ ಎರಡು ಪಟ್ಟಿಗೆ ವ್ಯಾಸದ 3.14 ಪಟ್ಟು ಸೇರಿಸಿ. ನನ್ನದು 2375 ಮಿ.ಮೀ. ಆದರೆ ಮೇಲೆ ಕೆಳಗೆ ಸರಿಯುವ ಮೇಲಿನ ಚಕ್ರ ತನ್ನ ದಾರಿಯ ನಡುವೆ ಇರುವಾಗ ಅಳೆಯಬೇಕು. ಸುರುಳಿಯಿಂದ ಕತ್ತರಿಸಿ ಬೆಸೆದು ಕೊಡುವವರ ಹತ್ತಿರ ಜಾಯಿಂಟ್ ಮೇಲೆ ಬೆರಳಾಡಿಸಿ ನೋಡಿ. ನನ್ನದೊಂದು, ಬ್ಲೇಡನ್ನು ನೇರ ಹಿಡಿಯುವ ಗೈಡಿಗೆ ಬಂದಾಗಲೆಲ್ಲ ಟಿಕ್, ಟಿಕ್ ಅನ್ನುತ್ತಿತ್ತು. ಬೆನ್ನಿನ ಉಬ್ಬನ್ನು ಅರದಿಂದ ಉಜ್ಜಿದ ಮೇಲೆ ಸುಮ್ಮನಾಯಿತು.

ಲೋಹದ ವಿಷಯದಲ್ಲಿ ನನ್ನದು ಸ್ವಲ್ಪ ಉಲ್ಟಾ ಬುದ್ಧಿ. ಸಾಗವಾನಿಯಲ್ಲೇ ಸಿಲಿಕಾ ಇದೆ, ಮರಳಿನ ಜಾತಿ, ಹಲ್ಲನ್ನು ಬೇಗ ತಿನ್ನುತ್ತದೆ. ಅದಕ್ಕೆ ಬೈಮೆಟಲ್ ಒಳ್ಳೆಯದು ಅಂತಾರೆ. ಹಲ್ಲಿನ ತುದಿಗೆ ಹೈ ಸ್ಪೀಡ್ ಸ್ಟೀಲ್, ಬೆನ್ನಿಗೆ ಬಳುಕುವ ಸ್ಟೀಲ್. ನಿಜ, ಬಹಳ ದಿನ ಬಾಳುತ್ತೆ. ಆದರೆ ಮಾಳಿಗೆ ತೊಲೆಯ ಬಿರುಕಿನಲ್ಲಿ ಎಷ್ಟೋ ವರ್ಷದ ಮೇಲ್ಮುದ್ದೆ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ತಂತಿ ಬ್ರಷ್ಷಿಗೆ ಮೇಲಿನದು ಬರುತ್ತೆ, ಒಳಗಿನದು ಬರಲ್ಲ. ಮೊಳೆ ಬೇರೆ. ಆಯಸ್ಕಾಂತ ಆಡಿಸಿ ನೋಡಿದರೂ ಆಳದ್ದು ತಪ್ಪಿಸಿಕೊಳ್ಳುತ್ತೆ. ಮೊಳೆಗೆ ಬೈಮೆಟಲ್ ಯಾವುದು, ಸಾದಾ ಕಾರ್ಬನ್ ಸ್ಟೀಲ್ ಯಾವುದು ಗೊತ್ತಾಗಲ್ಲ, ಎರಡರ ಹಲ್ಲೂ ಮುರಿಯುತ್ತೆ. ಹಾಗಾಗಿ ಹಳೆ ಕಟ್ಟಿಗೆಗೆ ಅಗ್ಗದ ಕಾರ್ಬನ್ ಸ್ಟೀಲ್, ಹೊಸ ಶುದ್ಧ ಸಾಗವಾನಿಗೆ ಮಾತ್ರ ಬೈಮೆಟಲ್.

ಸಂಜೆ ಅಂಗಡಿ ಹಾಕುವಾಗ ಟೆನ್ಷನ್ ಸಡಿಲ ಮಾಡುತ್ತೇನೆ. ಮಡಚಿದ ಬ್ಲೇಡ್ ಬಿಚ್ಚುವಾಗ ಕೈಗವಸು, ಕನ್ನಡಕ ಎರಡೂ ಬೇಕು. ಹಾವಿನಂತೆ ಚಿಮ್ಮುತ್ತದೆ, ನನ್ನ ಎಡಗೈ ಮಣಿಕಟ್ಟಿನ ಮೇಲೆ ಅದರ ಗುರುತಿದೆ.

ಮೊನ್ನೆ ಒಬ್ಬರು ಹತ್ತು ಇಂಚು ದಪ್ಪದ ಹಸಿ ಬೇವಿನ ದಿಮ್ಮಿ ತಂದರು. ಮೊಳೆಗೆ ತೂಗುಹಾಕಿದ್ದ ಬ್ಲೇಡುಗಳನ್ನು ತೋರಿಸಿ, "ಇಷ್ಟ ಅದಾವಲ್ರಿ, ಒಂದೂ ಆಗೂದಿಲ್ಲೇನು?" ಅಂದರು. "ಬ್ಲೇಡ್ ಹೆಂಗರ ಹೊಂದಿಸಬಹುದ್ರಿ, ಆದರ ಮಿಷನ್ನಿನ ಬಾಯಿ ಆರ ಇಂಚ ಅಷ್ಟ" ಅಂದೆ. ದಿಮ್ಮಿ ಸಾ ಮಿಲ್ಲಿಗೆ ಹೋಯಿತು.