ಮುಂದೆ ಎಲ್ ಬೋರ್ಡ್ ಗಾಡಿ ಇದ್ದರೆ ಹಿಂದಿನವರು ಏನು ಮಾಡಬೇಕು?

ಬೆಳಿಗ್ಗೆ ಏಳರಿಂದ ಒಂಬತ್ತೂವರೆವರೆಗೆ ತುಮಕೂರಿನ ರಸ್ತೆಗಳಿಗೆ ಎರಡು ಬಗೆಯ ಜನ ಒಟ್ಟಿಗೇ ಇಳಿಯುತ್ತಾರೆ. ಬೆಂಗಳೂರಿನ ರೈಲು, ವಸಂತನರಸಾಪುರದ ಕಾರ್ಖಾನೆಗಳ ಶಿಫ್ಟು, ಎಸ್‌ಐಟಿ ಕಾಲೇಜಿನ ಮೊದಲ ಕ್ಲಾಸು ತಪ್ಪಬಾರದು ಎಂದು ಓಡುವವರು ಒಂದು ಕಡೆ. ಡ್ಯೂಟಿಗೆ ಮುಂಚೆ ಅರ್ಧ ಗಂಟೆ ಕಾರು ಕಲಿತುಬಿಡೋಣ ಅಂತ ಹೊರಟವರು ಇನ್ನೊಂದು ಕಡೆ. ಬಿ.ಎಚ್. ರಸ್ತೆಯಲ್ಲಿ ಇಬ್ಬರೂ ಸೇರಿದಾಗ ಎಡವಟ್ಟು ಮಾಡುವವರು ಹೆಚ್ಚಾಗಿ ಕಲಿಯುವವರಲ್ಲ, ಅವರ ಹಿಂದಿರುವವರು. ಕಲಿಯುವವರಿಗೆ ಹೇಳಿಕೊಡಲು ಪಕ್ಕದಲ್ಲಿ ಒಬ್ಬರಾದರೂ ಕೂತಿರುತ್ತಾರೆ. ಹಿಂದಿನವರಿಗೆ ಹೇಳುವವರು ಯಾರೂ ಇಲ್ಲ.

1. ಮೊದಲು ಗುರುತು ಹಿಡಿಯಿರಿ

ಬಿಳಿ ಹಿನ್ನೆಲೆಯ ಮೇಲೆ ಕೆಂಪು ಎಲ್, ಗಾಡಿಯ ಮುಂದೆಯೂ ಹಿಂದೆಯೂ ಇರಬೇಕು. ಫಲಕ ಕನಿಷ್ಠ 18 ಸೆಂ.ಮೀ. ಚೌಕ, ಅಕ್ಷರ 10 ಸೆಂ.ಮೀ. ಎತ್ತರ ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಕಣ್ಣಿಗೆ ಬೀಳುವುದು ಬೇರೆಯೇ. ಅಗ್ಗದ ಸ್ಟಿಕ್ಕರ್ ಒಂದು ಬೇಸಿಗೆಯ ಬಿಸಿಲಿಗೆ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಮ್ಯಾಗ್ನೆಟ್ ಎಲ್ ಅಂತೂ ದುಡ್ಡು ದಂಡ, ಈಗಿನ ಬಂಪರ್‌ಗಳು ಪ್ಲಾಸ್ಟಿಕ್, ಅದು ಅಂಟುವುದೇ ಇಲ್ಲ. ಡಿಎಲ್ ಕೈಗೆ ಬಂದು ಎಷ್ಟೋ ಕಾಲವಾದರೂ ಎಲ್ ಕೀಳದವರು ಬೇರೆ ಇದ್ದಾರೆ. ಅವರಿಂದಾಗಿ ನಿಜವಾದ ಎಲ್ ಬೋರ್ಡಿಗೂ ಬೆಲೆ ಇಲ್ಲ.

ಹಾಗಾಗಿ ಬೋರ್ಡಿನ ಜೊತೆಗೆ ನಡೆಯನ್ನೂ ನೋಡಿ. ಖಾಲಿ ರಸ್ತೆಯಲ್ಲೂ ಎರಡನೇ ಗೇರಿನಲ್ಲಿ ಕೂಗುತ್ತಿರುವ ಎಂಜಿನ್, ಕಾರಣವಿಲ್ಲದೆ ಹೊತ್ತಿ ಆರುವ ಬ್ರೇಕ್ ಲೈಟು ಕಂಡರೆ ಅನುಮಾನವೇ ಬೇಡ. ಸುಡು ಬಿಸಿಲಿನಲ್ಲಿ ವೈಪರ್ ಓಡಿದರೆ ಗಾಡಿ ಎತ್ತಲೋ ತಿರುಗಲಿದೆ ಎಂದು ತಿಳಿಯಿರಿ. ಡ್ರೈವಿಂಗ್ ಸ್ಕೂಲಿನ ಮಾರುತಿಯಲ್ಲಿ ಇಂಡಿಕೇಟರ್ ಕಡ್ಡಿ ಬಲಕ್ಕಿರುತ್ತದೆ, ಫೋಕ್ಸ್‌ವ್ಯಾಗನ್, ಸ್ಕೋಡಾದಂಥ ಗಾಡಿಗಳಲ್ಲಿ ಎಡಕ್ಕೆ. ಕೈ ಹಳೇ ಅಭ್ಯಾಸ ಬಿಡದೆ ಇಂಡಿಕೇಟರ್ ಬದಲು ವೈಪರ್ ಕಡ್ಡಿ ಎಳೆಯುತ್ತದೆ.

ಸ್ಕೂಲಿನ ಕಾರಿಗಿಂತ ಮನೆಯ ಕಾರಿಗೆ ಹೆಚ್ಚು ಹೆದರಿ. ಸ್ಕೂಲಿನ ಗಾಡಿಯಲ್ಲಿ ಹೇಳಿಕೊಡುವವರ ಕಾಲ ಬಳಿಯೂ ಪೆಡಲ್ ಇರುತ್ತದೆ. ಮನೆಯ ಕಾರಿನಲ್ಲಿ ಪಕ್ಕ ಕೂತ ಅಪ್ಪನಿಗೋ ಅಣ್ಣನಿಗೋ ಸಿಗುವುದು ಹ್ಯಾಂಡ್ ಬ್ರೇಕ್ ಮತ್ತು ಬಾಯಿ ಮಾತ್ರ.

2. ಅಂತರ ಬಿಡಿ

ಮುಂದಿನ ಗಾಡಿ ಒಂದು ಲೈಟ್ ಕಂಬ ದಾಟಿದ ಮೇಲೆ ನಿಧಾನವಾಗಿ ಮೂರು ಎಣಿಸಿ, ಆಮೇಲೆ ನೀವು ಆ ಕಂಬ ದಾಟಬೇಕು. ಗಂಟೆಗೆ 36 ಕಿ.ಮೀ. ವೇಗದಲ್ಲಿ ಅದು 30 ಮೀಟರ್. ಆ ಜಾಗಕ್ಕೆ ಸ್ಕೂಟರ್‌ನವರು ನುಗ್ಗುತ್ತಾರೆ. ನುಗ್ಗಲಿ, ಮತ್ತೆ ಎಣಿಸಿ.

3. ಏರಿನಲ್ಲಿ ಅದರ ಹಿಂದೆ ನಿಲ್ಲುವುದು

ಜನ ಕೆಡಿಸಿಕೊಳ್ಳುವುದು ಇಲ್ಲೇ. ಉಪ್ಪಾರಹಳ್ಳಿ ಮೇಲ್ಸೇತುವೆ ಏರುವಾಗ ಮುಂದೆ ಟ್ರಾಫಿಕ್ ನಿಂತಿತು, ನಿಮ್ಮ ಮೂಗಿನ ಮುಂದೆ ಎಲ್ ಬೋರ್ಡ್ ಕಾರು ಇದೆ ಎಂದುಕೊಳ್ಳಿ.

ಒಳಗೆ ಏನಾಗುತ್ತಿದೆ? ಎಡಗಾಲು ಕ್ಲಚ್ಚನ್ನು ಪೂರ್ತಿ ಒತ್ತಿದೆ, ಬಲಗಾಲು ಬ್ರೇಕಿನ ಮೇಲಿದೆ. ಹೊರಡಬೇಕಾದರೆ ಕ್ಲಚ್ಚನ್ನು ಎಂಜಿನ್ ಹಿಡಿಯುವಷ್ಟು ಮಾತ್ರ ಬಿಡಬೇಕು, ಅಷ್ಟರಲ್ಲಿ ಬಲಗಾಲು ಬ್ರೇಕಿನಿಂದ ಎಕ್ಸಲರೇಟರ್‌ಗೆ ಹೋಗಬೇಕು. ಕ್ಲಚ್ ಬಿಟ್ಟಿದ್ದು ಸಾಲದಿದ್ದರೆ ಗಾಡಿ ಹಿಂದಕ್ಕೆ ಉರುಳುತ್ತದೆ, ಹೆಚ್ಚಾದರೆ ಆಫ್ ಆಗುತ್ತದೆ. ಆಫ್ ಆದರೆ ಮತ್ತೆ ಬ್ರೇಕ್, ಹ್ಯಾಂಡ್ ಬ್ರೇಕ್, ಕ್ಲಚ್, ನ್ಯೂಟ್ರಲ್, ಸ್ಟಾರ್ಟ್, ಮೊದಲ ಗೇರ್. ಇಷ್ಟರ ನಡುವೆ ಹಿಂದಿನಿಂದ ಹಾರ್ನ್ ಬಿದ್ದರೆ ಕಲಿಯುವವರು ಮೊದಲು ಮಾಡುವುದು ಕ್ಲಚ್ ಮೇಲಿನ ಕಾಲನ್ನು ಥಟ್ಟನೆ ಎತ್ತುವುದು. ಗಾಡಿ ಮತ್ತೆ ಆಫ್. ಹಾರ್ನ್ ಹೊಡೆದವರು ತಮ್ಮ ಕಾಯುವ ಹೊತ್ತನ್ನು ತಾವೇ ದುಪ್ಪಟ್ಟು ಮಾಡಿಕೊಂಡ ಹಾಗೆ. ಸಂಗೀತದ ಹಾರ್ನ್ ಹಾಕಿಸಿಕೊಂಡ ಖಾಸಗಿ ಬಸ್ಸಿನವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ, ನೀವಾದರೂ ಕೇಳಿ.

ಸಮತಟ್ಟಿನಲ್ಲಿ ಮುಂದಿನ ಗಾಡಿಯ ಹಿಂದಿನ ಟೈರು ನೆಲ ಮುಟ್ಟುವುದು ಕಾಣುವಷ್ಟು ದೂರ ನಿಂತರೆ ಸಾಕು. ಏರಿನಲ್ಲಿ ಒಂದು ಇಡೀ ಕಾರಿನಷ್ಟು ಜಾಗ ಬಿಡಿ, ಇದರಲ್ಲಿ ಚೌಕಾಸಿ ಬೇಡ. ಕಾರಿನವರಾದರೆ ನೀವೂ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿ. ಬೈಕಿನವರು ನೇರ ಹಿಂದೆ ನಿಲ್ಲಬೇಡಿ. ಅದು ಉರುಳಿ ಬಂದರೆ ಬೈಕನ್ನು ಹಿಂದಕ್ಕೆ ತಳ್ಳಿಕೊಳ್ಳಲು ಸಮಯವೇ ಸಿಗುವುದಿಲ್ಲ. ಸ್ವಲ್ಪ ಬಲಕ್ಕೆ ಸರಿದು, ಅವರ ಬಲಗನ್ನಡಿಯಲ್ಲಿ ನಿಮ್ಮ ಹೆಲ್ಮೆಟ್ ಕಾಣುವ ಹಾಗೆ ನಿಲ್ಲಿ. ಮಧ್ಯೆ ಯಾರಾದರೂ ತೂರಿಕೊಳ್ಳಲು ಬಂದರೆ ಬಾಯಿಬಿಟ್ಟು ಹೇಳಿ: ‘ಎಲ್ ಬೋರ್ಡ್ ಗಾಡಿ ಅಣ್ಣಾ, ಹಿಂದಕ್ ಬರುತ್ತೆ.’ ಬಹಳ ಜನ ಕೇಳುತ್ತಾರೆ.

ನಿಂತ ಮೇಲೆ ಎರಡು ಕಡೆ ಕಣ್ಣಿಡಿ. ಬ್ರೇಕ್ ಲೈಟ್ ಆರಿತೆಂದರೆ ಕಾಲು ಬ್ರೇಕ್ ಬಿಟ್ಟಿದೆ ಎಂದರ್ಥ. ಉರುಳುವುದಿದ್ದರೆ ಆಗಲೇ. ತಕ್ಷಣ ಹಿಂದಿನ ಚಕ್ರ ನೋಡಿ, ಬಂಪರ್ ಅಲ್ಲ. ಚಕ್ರ ಹಿಮ್ಮುಖವಾಗಿ ಒಂದಿಷ್ಟು ತಿರುಗಿದರೂ ಗೊತ್ತಾಗುತ್ತದೆ. ಬಿಳಿ ರಿವರ್ಸ್ ಲೈಟ್ ಹೊತ್ತಿಲ್ಲವಲ್ಲ ಎಂದು ಧೈರ್ಯವಾಗಿರಬೇಡಿ, ಉರುಳುವ ಗಾಡಿ ರಿವರ್ಸ್ ಗೇರಿನಲ್ಲಿ ಇರುವುದಿಲ್ಲ. ಏರಿನಲ್ಲಿ ಗಾಡಿ ಉರುಳದಂತೆ ಹಿಡಿಯಲು ಹೊಸ ಕಾರುಗಳಲ್ಲಿರುವ ಹಿಲ್ ಹೋಲ್ಡ್ ಕೂಡ ಎರಡು ಮೂರು ಸೆಕೆಂಡು ಹಿಡಿದು ಬಿಟ್ಟುಬಿಡುತ್ತದೆ.

ಚಕ್ರ ಹಿಂದಕ್ಕೆ ತಿರುಗಿತೋ, ಆಗ ಹಾರ್ನ್ ಹೊಡೆಯಿರಿ, ಒಂದೇ ಸಲ, ಉದ್ದವಾಗಿ. ಅದು ಪಕ್ಕ ಕೂತವರಿಗೆ ಕೇಳಿದರೆ ಸಾಕು, ಹ್ಯಾಂಡ್ ಬ್ರೇಕ್ ಎಳೆಯುತ್ತಾರೆ. ಗಾಡಿ ಮುಂದೆ ಹೋದ ಕೂಡಲೇ ಅದರ ಬೆನ್ನು ಹತ್ತಬೇಡಿ, ಏರು ಮುಗಿಯುವವರೆಗೆ ಇನ್ನೊಮ್ಮೆ ಆಫ್ ಆಗಬಹುದು.

ದೇವರಾಯನದುರ್ಗದ ಏರಿನಲ್ಲೂ ಇದೇ ಲೆಕ್ಕ. ನೀವು ಇಳಿಯುತ್ತಿದ್ದು ಎಲ್ ಗಾಡಿ ಎದುರಿನಿಂದ ಹತ್ತುತ್ತಿದ್ದರೆ ದಾರಿ ಬಿಡಬೇಕಾದವರು ನೀವು. ಹತ್ತುವ ಗಾಡಿಗೆ ಆದ್ಯತೆ ಎಂಬುದು ನಿಯಮ.

4. ಓವರ್‌ಟೇಕ್

ನನ್ನನ್ನು ಕೇಳಿದರೆ ಊರೊಳಗೆ ಬೇಡವೇ ಬೇಡ. ಭದ್ರಮ್ಮ ಸರ್ಕಲ್‌ನಲ್ಲಿ ಹಿಂದೆ ಹಾಕಿದ ಗಾಡಿ ಟೌನ್‌ಹಾಲ್ ಬಳಿ ಮತ್ತೆ ನಿಮ್ಮ ಪಕ್ಕದಲ್ಲೇ ಇರುತ್ತದೆ. ಹೋಗಲೇಬೇಕೆಂದರೆ ಬಲಗಡೆಯಿಂದ ಮಾತ್ರ. ಗಾಬರಿಯಾದಾಗಲೆಲ್ಲ ಹೇಳಿಕೊಡುವವರು ‘ಎಡಕ್ ಹಾಕು, ಎಡಕ್ ಹಾಕು’ ಅನ್ನುತ್ತಾರೆ, ಎಡಗಡೆಯಿಂದ ನುಗ್ಗಿದವರು ಸಿಕ್ಕಿಬೀಳುವುದು ಆಗಲೇ. ಹೇಳಿಕೊಡುವವರು ಎಡ ಕಿಟಕಿಯಿಂದ ‘ಹೋಗಿ’ ಎಂದು ಕೈ ಬೀಸುತ್ತಾರೆ, ಅದನ್ನು ಎಡಕ್ಕೆ ಕರೆದ ಹಾಗೆ ತಿಳಿಯಬೇಡಿ.

ಗೇರ್ ಬದಲಿಸುವಾಗ ಹೊಸಬರ ಕಣ್ಣು ಗೇರ್ ಕಡ್ಡಿಯ ಮೇಲಿರುತ್ತದೆ, ಸ್ಟೇರಿಂಗ್ ತಾನಾಗಿ ಬಲಕ್ಕೆ ವಾಲುತ್ತದೆ. ಎಂಜಿನ್ ಸದ್ದು ಇಳಿದು ಮತ್ತೆ ಏರಿ ಗಾಡಿ ನೇರವಾದ ಮೇಲೆ ಹೊರಡಿ. ಬಾಗಿಲು ಪೂರ್ತಿ ತೆರೆದರೂ ತಗಲದಷ್ಟು ದೂರ ಇಟ್ಟುಕೊಳ್ಳಿ. ದಾಟಿದ ಮೇಲೆ ನಿಮ್ಮ ಕನ್ನಡಿಯಲ್ಲಿ ಅವರ ಇಡೀ ಗಾಡಿ ಕಾಣುವವರೆಗೆ ಎಡಕ್ಕೆ ಬರಬೇಡಿ. ಕಟ್ ಹೊಡೆದು ಎದುರಿಗೇ ಬ್ರೇಕ್ ಹಾಕುವುದು ಹುಂಬತನ. ಅವರ ಕಾಲು ಯಾವ ಪೆಡಲ್ ಮೇಲೆ ಬೀಳುತ್ತದೋ ಅವರಿಗೇ ಗೊತ್ತಿರುವುದಿಲ್ಲ.

5. ಸರ್ಕಲ್

ನಡುವೆ ನಿಂತುಬಿಟ್ಟರೆ ಕೈಸನ್ನೆ ಮಾಡಿ ಕಳಿಸಿ, ಸುತ್ತುವರಿಯಬೇಡಿ.

6. ಸ್ಕೂಟರ್ ಕಲಿಯುವವರು

ಇವರು ಬಡಾವಣೆಯ ಅಡ್ಡರಸ್ತೆಗಳಲ್ಲಿ ಸಂಜೆ ಸಿಗುತ್ತಾರೆ. ಎರಡೂ ಕಾಲು ನೆಲದ ಮೇಲೆ ಎಳೆದಾಡುತ್ತಿದ್ದರೆ ಅದೇ ಅವರ ಎಲ್ ಬೋರ್ಡ್. ಗೇರಿಲ್ಲದ ಗಾಡಿಯಲ್ಲಿ ಅಪಾಯ ಬಲಗೈಯಲ್ಲಿದೆ: ಹೆದರಿದಾಗ ಹ್ಯಾಂಡಲ್ ಬಿಗಿ ಹಿಡಿಯುತ್ತಾರೆ, ಹಿಡಿತದ ಜೊತೆ ಎಕ್ಸಲರೇಟರ್ ತಿರುಗುತ್ತದೆ, ಗಾಡಿ ನೆಗೆಯುತ್ತದೆ. ಎದುರಿನಿಂದ ಬಂದರೆ ನೀವೇ ಪಕ್ಕಕ್ಕೆ ನಿಂತುಬಿಡಿ.

7. ತಗಲಿಯೇ ಬಿಟ್ಟರೆ

ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) 6 ತಿಂಗಳು ನಡೆಯುತ್ತದೆ. ಕಾರಾದರೆ ಪಕ್ಕದಲ್ಲಿ ಡಿಎಲ್ ಇರುವವರು ಕೂತಿರಲೇಬೇಕು. ಇವೆರಡೂ ಸರಿಯಿದ್ದರೆ, ಕಲಿಯುವವರು ಓಡಿಸುತ್ತಿದ್ದರು ಎಂಬ ಒಂದೇ ಕಾರಣಕ್ಕೆ ಇನ್ಶೂರೆನ್ಸ್ ತಪ್ಪುವುದಿಲ್ಲ. ಆದ್ದರಿಂದ ಯಾರಿಗೂ ಪೆಟ್ಟಾಗಿಲ್ಲದಿದ್ದರೆ ರಸ್ತೆ ನಡುವೆ ಪಂಚಾಯಿತಿ ಬೇಡ. ನಿಂತ ಜಾಗದಲ್ಲೇ ಎರಡೂ ಗಾಡಿಯ ಫೋಟೊ ತೆಗೆದು ಪಕ್ಕಕ್ಕೆ ಹಾಕಿ. ಎಲ್‌ಎಲ್‌ಆರ್, ಪಕ್ಕದವರ ಡಿಎಲ್, ಇನ್ಶೂರೆನ್ಸ್ ಮೂರರ ಫೋಟೊವನ್ನೂ ತೆಗೆದುಕೊಳ್ಳಿ. ಪಕ್ಕದ ಸೀಟು ಖಾಲಿ ಇದ್ದರೆ ಅದರದ್ದೂ ಒಂದು.