ಹಳೆಯ ಮಸಲ್ ಕಾರಿಗೆ ಹೊಸ ಗೇರ್‌ಬಾಕ್ಸ್: ಆಯ್ಕೆ ಹಿಂದಿನ ಆಕ್ಸಲ್‌ನಿಂದ ಶುರುವಾಗಲಿ

ದೊಡ್ಡ ವಿ8 ಎಂಜಿನ್ನಿನ ಅಮೆರಿಕದ ಮಸಲ್ ಕಾರುಗಳಲ್ಲಿ ಒಂದಾದ 1968ರ ಶೆವೆಲ್ ಎಸ್‌ಎಸ್ 396 ಕಾರಿನ ಹಿಂದಿನ ಆಕ್ಸಲ್‌ನ ಅನುಪಾತ (ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ ತಿರುಗುವ ಸುತ್ತು) 3.73, ಟೈರಿನ ವ್ಯಾಸ 26 ಇಂಚು ಎಂದಿಟ್ಟುಕೊಂಡರೆ, ಅಮೆರಿಕದ ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿ ವೇಗದಲ್ಲಿ ಹೋಗುವಾಗ ಅದರ ಎಂಜಿನ್ ನಿಮಿಷಕ್ಕೆ ಸುಮಾರು 3,370 ಸುತ್ತು ತಿರುಗುತ್ತಿರುತ್ತದೆ. ನಾಲ್ಕನೆಯ ಗೇರಿಗೆ ಹಾಕಿ ಎಷ್ಟೋ ಹೊತ್ತಾಗಿದ್ದರೂ ಕೈ ತಾನಾಗಿ ಇನ್ನೊಂದು ಗೇರನ್ನು ಹುಡುಕುತ್ತದೆ. ಆ ಗೇರು ಅಲ್ಲಿಲ್ಲ. ಜನರಲ್ ಮೋಟರ್ಸ್‌ನ ಮನ್ಸಿ, ಫೋರ್ಡ್‌ನ ಟಾಪ್‌ಲೋಡರ್, ಕ್ರೈಸ್ಲರ್‌ನ ಎ-833, ಈ ಮೂರೂ 1960ರ ದಶಕದ ಗಟ್ಟಿಮುಟ್ಟಾದ ಗೇರ್‌ಬಾಕ್ಸ್‌ಗಳೇ ಆದರೂ, ಆ ಕಾಲದ ಮಸಲ್ ಕಾರುಗಳಲ್ಲಿ ಅವುಗಳ ಕೊನೆಯ ಗೇರು 1.00 ಅನುಪಾತಕ್ಕೇ, ಅಂದರೆ ಎಂಜಿನ್ನಿನ ಒಂದು ಸುತ್ತಿಗೆ ಹೊರ ಶಾಫ್ಟೂ ಒಂದೇ ಸುತ್ತು ಎಂಬಲ್ಲಿಗೇ, ನಿಂತುಬಿಡುತ್ತಿತ್ತು. ಹಳೆಯ ಕಾರಿಗೆ ಐದು ಅಥವಾ ಆರು ಗೇರಿನ ಹೊಸ ಗೇರ್‌ಬಾಕ್ಸ್ ಕೂರಿಸಬೇಕೆಂಬ ಆಸೆ ಹೆಚ್ಚಿನವರಲ್ಲಿ ಹುಟ್ಟುವುದು ಇಲ್ಲಿಂದಲೇ.

ಆಸೆ ಹುಟ್ಟಿದ ಮೇಲೆ ಬಹುತೇಕರು ಮಾಡುವ ಮೊದಲ ಕೆಲಸವೆಂದರೆ ಯಾವ ಗೇರ್‌ಬಾಕ್ಸ್ ಎಷ್ಟು ಟಾರ್ಕ್, ಅಂದರೆ ತಿರುಚುವ ಬಲ, ತಾಳುತ್ತದೆ ಎಂದು ನೋಡಿ, ಎಲ್ಲಕ್ಕಿಂತ ದೊಡ್ಡ ಅಂಕಿ ಇರುವುದನ್ನು ತರಿಸುವುದು. ಇದು ಅಂಗಡಿಗೆ ಹೋಗಿ ಕಾಲಿನ ಅಳತೆ ಹೇಳದೆ ಅತ್ಯಂತ ದುಬಾರಿ ಚಪ್ಪಲಿ ಕೊಂಡಂತೆ. ಮೊದಲು ತಿಳಿದುಕೊಳ್ಳಬೇಕಾದದ್ದು ನಿಮ್ಮ ಕಾರಿನ ಹಿಂದಿನ ಆಕ್ಸಲ್‌ನ ಅನುಪಾತ. ಹಿಂದಿನ ಚಕ್ರಗಳೆರಡನ್ನೂ ನೆಲದಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಎರಡನ್ನೂ ಒಟ್ಟಿಗೆ ಒಂದು ಪೂರ್ಣ ಸುತ್ತು ತಿರುಗಿಸಿದಾಗ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತೆಂದು ಸೀಮೆಸುಣ್ಣದ ಗುರುತು ಹಾಕಿ ಎಣಿಸಿದರೆ ಅಂದಾಜು ಸಿಗುತ್ತದೆ. ಮೂರು ಮುಕ್ಕಾಲು ಸುತ್ತಿಗೆ ಒಂದಿಷ್ಟು ಕಡಿಮೆ ಬಂದರೆ 3.73 ಎಂದು ತಿಳಿಯಬಹುದು. ಐವತ್ತು ವರ್ಷ ದಾಟಿದ ಕಾರಿನಲ್ಲಿ ಯಾರು ಯಾವಾಗ ಏನನ್ನು ಬದಲಾಯಿಸಿದ್ದಾರೋ ಹೇಳಲಾಗದ ಕಾರಣ ಕಾಗದಪತ್ರ ನಂಬುವುದಕ್ಕಿಂತ ಎಣಿಸುವುದೇ ಲೇಸು.

ಇನ್ನು ಲೆಕ್ಕ. ಗಂಟೆಗೆ ಎಷ್ಟು ಮೈಲಿ ಎಂಬುದನ್ನು ಆಕ್ಸಲ್ ಅನುಪಾತದಿಂದಲೂ ಗೇರಿನ ಅನುಪಾತದಿಂದಲೂ 336ರಿಂದಲೂ ಗುಣಿಸಿ, ಬಂದದ್ದನ್ನು ಇಂಚುಗಳಲ್ಲಿರುವ ಟೈರಿನ ವ್ಯಾಸದಿಂದ ಭಾಗಿಸಿದರೆ ಎಂಜಿನ್ನಿನ ಸುತ್ತು ಸಿಗುತ್ತದೆ. ಮೇಲೆ ಹೇಳಿದ ಶೆವೆಲ್‌ಗೆ 0.68 ಅನುಪಾತದ ಐದನೆಯ ಗೇರು ಬಂದರೆ ಅದೇ 70 ಮೈಲಿಯಲ್ಲಿ ಎಂಜಿನ್ ಸುಮಾರು 2,290 ಸುತ್ತಿಗೆ ಇಳಿಯುತ್ತದೆ. 0.81 ಆದರೆ 2,730. ಆರು ಗೇರಿನ ಗೇರ್‌ಬಾಕ್ಸಿನ 0.50 ಅನುಪಾತದಲ್ಲಿ 1,690ಕ್ಕೂ ಕೆಳಗೆ. ಕೇಳಲು ಇದು ಸೊಗಸಾಗಿದೆ. ಆದರೆ ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್‌ಶಾಫ್ಟ್ ಹಾಕಿದ ಹಳೆಯ ವಿ8 ಎಂಜಿನ್ 1,700 ಸುತ್ತಿನ ಕೆಳಗೆ ಹೊರೆ ಬಿದ್ದೊಡನೆ ಮುಗ್ಗರಿಸಿ ಕಾರನ್ನೇ ಜಗ್ಗಾಡಿಸುವುದರಿಂದ, ಅಂಥ ಎಂಜಿನ್ನಿಗೆ 0.50ರ ಆರನೆಯ ಗೇರು ಗೇರ್ ಲಿವರಿನ ತಲೆಯ ಮೇಲೆ ಕೆತ್ತಿದ ಅಂಕಿಯಾಗಿ ಉಳಿಯುತ್ತದೆಯೇ ಹೊರತು ಬಳಕೆಗೆ ಬರುವುದಿಲ್ಲ.

ಮೇಲಿನ ಗೇರಿನಷ್ಟೇ ಮುಖ್ಯವಾದದ್ದು ಮೊದಲ ಗೇರು. ಅದರ ಅನುಪಾತವನ್ನು ಆಕ್ಸಲ್ ಅನುಪಾತದಿಂದ ಗುಣಿಸಿದಾಗ 10ರ ಆಸುಪಾಸು, ಹೇಳುವುದಾದರೆ ಒಂಬತ್ತೂವರೆಯಿಂದ ಹನ್ನೊಂದರ ನಡುವೆ ಬಂದರೆ, ರಸ್ತೆಯಲ್ಲಿ ಓಡಿಸುವ ಕಾರು ಕ್ಲಚ್ಚನ್ನು ಸುಡದೆ ಸಲೀಸಾಗಿ ಹೊರಡುತ್ತದೆ. ಮನ್ಸಿ ಎಂ-21ರ ಮೊದಲ ಗೇರು 2.20 ಆದ್ದರಿಂದ 3.73 ಆಕ್ಸಲ್‌ನೊಂದಿಗೆ ಗುಣಲಬ್ಧ 8.2 ಮಾತ್ರ, ಸಿಗ್ನಲ್ಲಿನಲ್ಲಿ ಕ್ಲಚ್ಚನ್ನು ಅರ್ಧದಲ್ಲಿ ಹಿಡಿದು ಕಾರು ಎಬ್ಬಿಸಬೇಕಾಗುವುದು ಈ ಕಾರಣಕ್ಕೆ. ಟ್ರೆಮೆಕ್ ಕಂಪನಿಯ ಐದು ಗೇರಿನ ಟಿಕೆಎಕ್ಸ್ ಗೇರ್‌ಬಾಕ್ಸ್ 2.87 ಮತ್ತು 3.27 ಎಂಬ ಎರಡು ಬಗೆಯ ಮೊದಲ ಗೇರುಗಳಲ್ಲಿ ದೊರೆಯುತ್ತದೆ. 2.87 ಆರಿಸಿದರೆ ಗುಣಲಬ್ಧ 10.7, ಅಂದರೆ ಹೇಳಿ ಮಾಡಿಸಿದಂತೆ. 3.27 ಆರಿಸಿದರೆ 12.2, ಆಗ ಮೊದಲ ಗೇರಿನಲ್ಲಿ 5,500 ಸುತ್ತು ಮುಟ್ಟುವಷ್ಟರಲ್ಲಿ ಕಾರಿನ್ನೂ 35 ಮೈಲಿ ವೇಗದಲ್ಲಿರುತ್ತದೆ, ಟೈರು ಹೊಗೆಯಾಡುವುದೊಂದೇ ಬಂದ ಭಾಗ್ಯ. ಅದೇ 3.27 ಗೇರು 3.08 ಆಕ್ಸಲ್ ಇರುವ ಕಾರಿಗೆ ಹೋದರೆ ಗುಣಲಬ್ಧ 10.1 ಆಗಿ ಚೊಕ್ಕವಾಗಿ ಹೊಂದುತ್ತದೆ. ಒಂದೇ ಗೇರ್‌ಬಾಕ್ಸ್ ಒಬ್ಬರಿಗೆ ವರ, ಇನ್ನೊಬ್ಬರಿಗೆ ತಲೆನೋವು ಆಗುವುದು ಹೀಗೆ.

ಟಾರ್ಕಿನ ಮಾತಿಗೆ ಈಗ ಬರಬಹುದು. ಟಿಕೆಎಕ್ಸ್‌ಗೆ ತಯಾರಕರು ಹೇಳುವ ಮಿತಿ 600 ಪೌಂಡ್-ಅಡಿ. ಅದೇ ಕಂಪನಿಯ ಆರು ಗೇರಿನ ಟಿ-56 ಮ್ಯಾಗ್ನಮ್‌ಗೆ 700. ಶೆವೆಲ್‌ನ 396 ಘನ ಇಂಚಿನ ಎಂಜಿನ್ನಿಗೆ ಆ ಕಾಲದ ಕ್ಯಾಟಲಾಗಿನಲ್ಲಿ ಬರೆದಿದ್ದ ಟಾರ್ಕ್ 410 ಪೌಂಡ್-ಅಡಿ, ಅದೂ ಏರ್ ಫಿಲ್ಟರ್, ಸೈಲೆನ್ಸರ್ ಮುಂತಾದ ಹೊರೆಗಳಿಲ್ಲದೆ ಅಳೆದ ಹಳೆಯ ಲೆಕ್ಕ. 1972ರಿಂದ ಅಮೆರಿಕದ ತಯಾರಕರು ಎಲ್ಲ ಹೊರೆಗಳನ್ನೂ ಕಟ್ಟಿ ಅಳೆಯುವ ಲೆಕ್ಕಕ್ಕೆ ಬಂದಾಗ ಅಂಕಿಗಳು ಕುಸಿದದ್ದು ಇದಕ್ಕೆ ಸಾಕ್ಷಿ. ಹೀಗಾಗಿ ಮೂಲ ಸ್ಥಿತಿಯ ಎಂಜಿನ್ನಿಗೆ ಟಿಕೆಎಕ್ಸ್ ಧಾರಾಳವಾಗಿ ಸಾಕು. ಗೇರ್‌ಬಾಕ್ಸನ್ನು ಮುರಿಯುವುದು ಎಂಜಿನ್ನಿನ ನಿರಂತರ ಬಲಕ್ಕಿಂತ ಹೆಚ್ಚಾಗಿ ಹಠಾತ್ ಹೊಡೆತ: ರೇಸಿಗೆ ಮಾಡಿದ ಅಂಟುವ ಟೈರು, ಭಾರದ ಕಾರು, 5,000 ಸುತ್ತಿನಲ್ಲಿ ಕ್ಲಚ್ ಪೆಡಲಿನಿಂದ ಕಾಲು ಜಾರಿಸಿ ಬಿಡುವ ಚಾಲಕ, ಈ ಮೂವರು ಸೇರಿದರೆ ಯಾವ ಅಂಕಿಯೂ ಕಾಯುವುದಿಲ್ಲ.

ಕಡಿಮೆ ಖರ್ಚಿನ ದಾರಿಯೆಂದರೆ ಬೋರ್ಗ್‌ವಾರ್ನರ್ ಟಿ-5. 1980ರ ದಶಕದ ಮುಸ್ತಾಂಗ್, ಕಮಾರೊ ಕಾರುಗಳಲ್ಲಿ ಬಂದ ಇದು ಹಗುರ, ಗೇರು ಬೀಳುವುದೂ ಮೆದು. ಆದರೆ ಮುಸ್ತಾಂಗ್‌ನ ಒಳ್ಳೆಯ ಮಾದರಿಗಳಿಗೂ ಮಿತಿ 300 ಪೌಂಡ್-ಅಡಿಯ ಆಸುಪಾಸು. 289 ಅಥವಾ 302 ಘನ ಇಂಚಿನ ಎಂಜಿನ್ನಿನ ಸೌಮ್ಯ ಮುಸ್ತಾಂಗ್‌ಗೆ ನಾನು ಇದನ್ನೇ ಸೂಚಿಸುತ್ತೇನೆ, ದೊಡ್ಡ ಎಂಜಿನ್ನಿಗೆ ಖಂಡಿತ ಇಲ್ಲ. ಗುಜರಿಯಲ್ಲಿ ಕೊಳ್ಳುವವರು ಹಿಂಭಾಗದ ಬೋಲ್ಟಿಗೆ ಸಿಕ್ಕಿಸಿರುವ, 1352ರಿಂದ ಶುರುವಾಗುವ ಸಂಖ್ಯೆಯ ಲೋಹದ ಚೀಟಿಯನ್ನು ಓದದೆ ಹಣ ಕೊಡಬಾರದು, ಏಕೆಂದರೆ ಎಸ್-10 ಪಿಕಪ್‌ನಿಂದ ಬಂದ ಕೆಲವು ಟಿ-5ಗಳ ಮೊದಲ ಗೇರು 4.03; 3.73 ಆಕ್ಸಲ್‌ನೊಂದಿಗೆ ಗುಣಿಸಿದರೆ 15 ಬರುತ್ತದೆ, ಅದು ಟ್ರ್ಯಾಕ್ಟರಿನ ಗುಣ.

ಐದನೆಯ ಗೇರೇ ಬೇಡ, ಕಾರು ಅಂದಿನಂತೆಯೇ ಇರಬೇಕು ಎನ್ನುವವರಿಗೆ ಹೊಸದಾಗಿ ಎರಕ ಹೊಯ್ದ ಮನ್ಸಿ ಮಾದರಿಯ ಗೇರ್‌ಬಾಕ್ಸ್‌ಗಳು ಈಗಲೂ ಸಿಗುತ್ತವೆ. ಅವುಗಳಲ್ಲಿ ಎಂ-22 ಮಾದರಿಗೆ ಗೇರುಗಳ ಹಲ್ಲಿನ ಓರೆ ಕಡಿಮೆ. ಹಾಗಾಗಿ ಬಲ ಹೆಚ್ಚು, ಸದ್ದೂ ಹೆಚ್ಚು. ಕಲ್ಲು ಪುಡಿಮಾಡುವ ಯಂತ್ರ ಎಂದು ಅಮೆರಿಕದವರು ಅದಕ್ಕೆ ಅಡ್ಡಹೆಸರಿಟ್ಟಿದ್ದಾರೆ. ನನ್ನ ಕಿವಿಗೆ ಮಾತ್ರ ಅದು ಚಾರ್ಮಾಡಿ ಘಾಟಿ ಹತ್ತುವ ಹಳೆಯ ಬಸ್ಸಿನ ಗೋಳಿನಂತೆಯೇ ಕೇಳಿಸುತ್ತದೆ. ಏನನ್ನೇ ಹಾಕಿದರೂ ಕಾರಿನಿಂದ ಇಳಿಸಿದ ಮೂಲ ಗೇರ್‌ಬಾಕ್ಸನ್ನು ಮಾರಬೇಡಿ. ಅದರ ಮೇಲೆ ಕಾರಿನ ಗುರುತು ಸಂಖ್ಯೆಯ ಭಾಗ ಒತ್ತಿದ್ದರೆ ಕಾರಿನ ಬೆಲೆಯ ಒಂದು ಪಾಲು ಅಲ್ಲೇ ಇದೆ.

ಅನುಪಾತ ನಿಶ್ಚಯವಾದ ಮೇಲೆ ಕಾರಿನ ಕೆಳಗೆ ಮಲಗಿ ಅಳೆಯುವ ಕೆಲಸ. ಮುಂದಿನ ಎರಡು ಸೀಟುಗಳ ನಡುವೆ ಉಬ್ಬಿರುವ ತಗಡಿನ ಟನಲ್ ನಾಲ್ಕು ಗೇರಿನ ಸಣ್ಣ ಗೇರ್‌ಬಾಕ್ಸಿಗೆಂದು ಮಾಡಿದ್ದು. ಟಿ-56 ಮ್ಯಾಗ್ನಮ್ ಹಲವು ಕಾರುಗಳಲ್ಲಿ ಆ ತಗಡನ್ನು ಕತ್ತರಿಸಿ ಹೊಸದನ್ನು ಬೆಸುಗೆ ಹಾಕದೆ ಕೂರುವುದಿಲ್ಲ. ಟಿಕೆಎಕ್ಸ್ ಮೈಕಟ್ಟು ಚಿಕ್ಕದಾದ್ದರಿಂದ ಸುತ್ತಿಗೆಯ ಕೆಲಸದಲ್ಲೇ ಹೆಚ್ಚಾಗಿ ಮುಗಿಯುತ್ತದೆ. ತಗಡು ಕತ್ತರಿಸಲು ಮನಸ್ಸಾಗದೆ ಗೇರ್‌ಬಾಕ್ಸಿನ ಹಿಂಭಾಗವನ್ನು ಕೆಳಗಿಳಿಸಿ ಕಟ್ಟುವವರಿದ್ದಾರೆ, ಅದು ತಪ್ಪು. ಗೇರ್‌ಬಾಕ್ಸಿನ ಹೊರ ಶಾಫ್ಟೂ ಆಕ್ಸಲ್‌ನೊಳಗೆ ಹೋಗುವ ಪಿನಿಯನ್ ಶಾಫ್ಟೂ ಬದಿಯಿಂದ ನೋಡಿದಾಗ ಒಂದಕ್ಕೊಂದು ಸಮಾನಾಂತರವಾಗಿರಬೇಕು, ನಡುವಿನ ಪ್ರೊಪೆಲ್ಲರ್ ಶಾಫ್ಟ್ ಎರಡೂ ತುದಿಯ ಕ್ರಾಸ್ ಕೀಲುಗಳಲ್ಲಿ ಮಾಡುವ ಕೋನ 3 ಡಿಗ್ರಿ ಮೀರಬಾರದು. ಇಲ್ಲವಾದರೆ 60 ಮೈಲಿ ದಾಟಿದೊಡನೆ ಸೀಟಿನಡಿ ಶುರುವಾಗುವ ನಡುಕವನ್ನು ಎಷ್ಟು ಸಲ ಚಕ್ರ ಬ್ಯಾಲೆನ್ಸ್ ಮಾಡಿಸಿದರೂ ನಿಲ್ಲಿಸಲಾಗದು. ಗೇರ್ ಲಿವರ್ ನೆಲದಲ್ಲಿ ಎಲ್ಲಿ ಏಳುತ್ತದೆ ಎಂಬುದನ್ನೂ ಈಗಲೇ ನೋಡಿ, ಏಕೆಂದರೆ ಉದ್ದನೆಯ ಬೆಂಚ್ ಸೀಟಿರುವ ಕಾರಿನಲ್ಲಿ ಎರಡನೆಯ ಗೇರಿಗೆ ಎಳೆದಾಗ ಲಿವರ್ ಸೀಟಿಗೆ ತಾಗುವುದುಂಟು.

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಕವಚವಾದ ಬೆಲ್ ಹೌಸಿಂಗ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕಾಗಿದೆ, ಏಕೆಂದರೆ ಇಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ. ಹೊಸ ಗೇರ್‌ಬಾಕ್ಸ್ ಕೂರಿಸಿದ ಮೊದಲ ವಾರವೇ ಮೂರನೆಯ ಗೇರು ಬಿಗಿಯಾಗಿ ಬೀಳುತ್ತಿತ್ತು, ಕಾರು ನಿಂತಾಗ ಒಳಗಿನಿಂದ ಕೊರೆಯುವಂಥ ಸದ್ದು. ಗೇರ್‌ಬಾಕ್ಸೇ ಕೆಟ್ಟದ್ದೆಂದು ತೀರ್ಮಾನಿಸಿ ಇಳಿಸಿ, ಸಾಗಣೆಯ ಖರ್ಚು ತೆತ್ತು ವಾಪಸು ಕಳಿಸಿದೆ; ಅವರು ಬಿಚ್ಚಿ ನೋಡಿ ದೋಷವಿಲ್ಲವೆಂದು ಹಾಗೆಯೇ ಮರಳಿಸಿದರು. ಆಮೇಲೆ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ತುದಿಯ ಭಾರದ ಚಕ್ರವಾದ ಫ್ಲೈವೀಲಿಗೆ, ಸೂಕ್ಷ್ಮ ಓಡಾಟ ಅಳೆಯುವ ಡಯಲ್ ಗೇಜ್ ಕಟ್ಟಿ, ಬೆಲ್ ಹೌಸಿಂಗಿನ ಹಿಂದಿನ ದುಂಡು ರಂಧ್ರದ ಒಳಅಂಚಿಗೆ ಅದರ ಮೊನೆ ತಾಗಿಸಿ, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿದಾಗ ಮುಳ್ಳು ಒಟ್ಟು 0.018 ಇಂಚು ಓಡಾಡಿತು. ಸಹಿಸಬಹುದಾದ ಗರಿಷ್ಠ ಓಡಾಟ 0.005 ಇಂಚು. ಅಂದರೆ ಕ್ರ್ಯಾಂಕಿನ ಕೇಂದ್ರಕ್ಕೂ ಗೇರ್‌ಬಾಕ್ಸಿನ ಕೇಂದ್ರಕ್ಕೂ ಓಡಾಟದ ಅರ್ಧದಷ್ಟು, 0.009 ಇಂಚು ವ್ಯತ್ಯಾಸವಿತ್ತು. ಒಳಶಾಫ್ಟ್ ಪ್ರತಿ ಸುತ್ತಿನಲ್ಲೂ ಪಕ್ಕಕ್ಕೆ ಒತ್ತಿಸಿಕೊಂಡು ತಿರುಗುತ್ತಿತ್ತು. ಎಂಜಿನ್ ಬ್ಲಾಕಿನ ಹಿಂದಿರುವ ಬೆಲ್ ಹೌಸಿಂಗಿನ ಸ್ಥಾನ ಹಿಡಿದಿಡುವ ಎರಡು ಡಾವೆಲ್ ಪಿನ್‌ಗಳನ್ನು ಕಿತ್ತು, ಕೇಂದ್ರ 0.007 ಇಂಚು ಪಕ್ಕಕ್ಕೆ ಸರಿದಿರುವ ಪಿನ್‌ಗಳನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ಕೂರಿಸಿದಾಗ ಓಡಾಟ 0.004ಕ್ಕೆ ಇಳಿಯಿತು. ಅದೇ ಗೇರ್‌ಬಾಕ್ಸ್ ಅಂದಿನಿಂದ ತಕರಾರಿಲ್ಲದೆ ನಡೆದಿದೆ. ಹಳೆಯ ನಾಲ್ಕು ಗೇರಿನವು ಇಷ್ಟು ಸೊಟ್ಟವನ್ನು ಗೊಣಗದೆ ನುಂಗಿಕೊಳ್ಳುತ್ತಿದ್ದವು, ಇಂದಿನವು ನುಂಗುವುದಿಲ್ಲ. ಆದ್ದರಿಂದ ಗೇರ್‌ಬಾಕ್ಸ್ ಕೊಳ್ಳುವಾಗಲೇ ಡಯಲ್ ಗೇಜಿನ ಖರ್ಚನ್ನೂ ಪಟ್ಟಿಗೆ ಸೇರಿಸಿ.

ಪಟ್ಟಿಗೆ ಸೇರಬೇಕಾದವು ಬೇರೆಯೂ ಇವೆ. ಮನ್ಸಿಯ ಮೊದಲ ಮಾದರಿಗಳ ಒಳಶಾಫ್ಟಿಗೆ 10 ಸ್ಪ್ಲೈನ್ (ಉದ್ದುದ್ದದ ಹಲ್ಲು), ಟಿಕೆಎಕ್ಸ್‌ಗೆ 26. ಅಂದಮೇಲೆ ಕ್ಲಚ್ ಪ್ಲೇಟ್ ಬದಲಾಗಬೇಕು. ಹೊರಶಾಫ್ಟಿನ ಸ್ಪ್ಲೈನ್ 31 ಆದ್ದರಿಂದ ಪ್ರೊಪೆಲ್ಲರ್ ಶಾಫ್ಟಿನ ಮುಂದಿನ, ಗೇರ್‌ಬಾಕ್ಸಿನೊಳಗೆ ಜಾರುವ ಯೋಕ್ ಕೂಡ ಹೊಸದೇ. ಶಾಫ್ಟಿನ ಉದ್ದವನ್ನು ಯಾರದೋ ಪಟ್ಟಿ ನೋಡಿ ಮಾಡಿಸದೆ, ಗೇರ್‌ಬಾಕ್ಸ್ ಕೂರಿಸಿ, ಕಾರಿನ ಭಾರ ಚಕ್ರಗಳ ಮೇಲೆ ಬಿದ್ದಿರುವಾಗ ಅಳೆದು, ಯೋಕ್ ಪೂರ್ತಿ ಒಳಗೆ ಹೋಗಿ ಮುಟ್ಟುವ ಸ್ಥಾನಕ್ಕಿಂತ ಮುಕ್ಕಾಲರಿಂದ ಒಂದು ಇಂಚು ಹೊರಗೆ ನಿಲ್ಲುವಂತೆ ಮಾಡಿಸಬೇಕು.

ಮೂಲದಲ್ಲಿ ಆಟೊಮ್ಯಾಟಿಕ್ ಆಗಿದ್ದ ಕಾರಾದರೆ ಕ್ಲಚ್ ಪೆಡಲು, ಅದರ ಸಂಪರ್ಕದ ಭಾಗಗಳು, ಫ್ಲೈವೀಲು ಎಲ್ಲವನ್ನೂ ಹೊಂದಿಸಬೇಕು. ಕ್ರ್ಯಾಂಕಿನ ಹಿಂದಿನ ತುದಿಯಲ್ಲಿ ಒಳಶಾಫ್ಟಿನ ಮೂತಿಗೆ ಆಸರೆಯಾಗುವ ಪೈಲಟ್ ಬುಷ್ ಕೂರುವ ರಂಧ್ರ ಪೂರ್ತಿ ಕೊರೆದಿದೆಯೇ ಎಂದು ಮೊದಲು ಬೆರಳಿಟ್ಟು ನೋಡಿ, ಆಟೊಮ್ಯಾಟಿಕ್ ಕಾರುಗಳ ಕೆಲವು ಕ್ರ್ಯಾಂಕ್‌ಗಳಲ್ಲಿ ಅದು ಇರುವುದಿಲ್ಲ. ಫೋರ್ಡ್ 302 ಎಂಜಿನ್ನಿನವರು ಇನ್ನೂ ಒಂದು ಎಚ್ಚರ ವಹಿಸಬೇಕು: ಹಳೆಯ ಎಂಜಿನ್ನಿನ ಫ್ಲೈವೀಲಿನ ಬ್ಯಾಲೆನ್ಸ್ ಲೆಕ್ಕ 28 ಔನ್ಸ್-ಇಂಚು, ಅದೇ ಗಾತ್ರದ, 1980ರ ದಶಕದ 5.0 ಲೀಟರಿನ ಎಂಜಿನ್ನಿನದು 50. ಅದಲುಬದಲಾದರೆ ಎಂಜಿನ್ ಬೇರಿಂಗುಗಳನ್ನೇ ತಿಂದುಹಾಕುವಷ್ಟು ನಡುಗುತ್ತದೆ.

ಕೊನೆಗೆ ಎಣ್ಣೆ. ಹೊಸ ಗೇರ್‌ಬಾಕ್ಸ್ ಸಾಮಾನ್ಯವಾಗಿ ಎಣ್ಣೆಯಿಲ್ಲದೆ ಬರುತ್ತದೆ. ಟಿಕೆಎಕ್ಸ್‌ಗೂ ಮ್ಯಾಗ್ನಮ್‌ಗೂ ಬೇಕಾದದ್ದು ಡೆಕ್ಸ್‌ರಾನ್-3 ಗುಣಮಟ್ಟದ, ಕೆಂಪು ಬಣ್ಣದ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಎಣ್ಣೆ. ಮ್ಯಾನ್ಯುಯಲ್ ಎಂಬ ಕಾರಣಕ್ಕೆ ದಪ್ಪ ಗೇರ್ ಎಣ್ಣೆ ಸುರಿದರೆ ಚಳಿಗಾಲದ ಬೆಳಿಗ್ಗೆ ಎರಡನೆಯ ಗೇರು ಬೀಳುವುದೇ ಇಲ್ಲ. ಹಳೆಯ ಮನ್ಸಿಗೆ ದಪ್ಪ ಎಣ್ಣೆಯೇ ಸರಿ, ಆದರೆ ಡಬ್ಬಿಯ ಮೇಲೆ ಜಿಎಲ್-4 ಎಂದಿರಬೇಕು, ಜಿಎಲ್-5ರಲ್ಲಿನ ಗಂಧಕದ ಅಂಶ ಗೇರು ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ಕೊರೆಯಬಲ್ಲದು. ಪಕ್ಕದ ಬಿರಡೆಯ ರಂಧ್ರದಿಂದ ಎಣ್ಣೆ ತುಳುಕುವವರೆಗೆ ತುಂಬಿ, ಬಿರಡೆ ಬಿಗಿದು, ಮೊದಲ 500 ಮೈಲಿಯನ್ನು ಗೇರುಗಳನ್ನು ದಬ್ಬದೆ ಓಡಿಸಿ, ಆಮೇಲೆ ಒಮ್ಮೆ ಎಣ್ಣೆ ಇಳಿಸಿ ಅಡಿಯ ಬಿರಡೆಗೆ ಅಂಟಿದ ಲೋಹದ ಪುಡಿಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿ. ನುಣ್ಣಗೆ ಕಾಡಿಗೆಯಂತಿದ್ದರೆ ಅದು ಹೊಸ ಗೇರುಗಳು ಒಂದಕ್ಕೊಂದು ಒಗ್ಗಿಕೊಂಡ ಗುರುತು. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಡಯಲ್ ಗೇಜನ್ನು ಮತ್ತೆ ಹೊರತೆಗೆಯಬೇಕು.